ತೆರೇಸಕ್ಕ ಕರೆಯಲಿಲ್ಲ

ತೆರೇಸಕ್ಕ ಯಾರನ್ನೂ ‘ಬರ್ರಿ’ ಎಂದು ಕರೆದವರಲ್ಲ. ನಾಂಪಲ್ಲಿಯ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅವರದು ಎದುರುಮನೆ. ಬೆಳಗ್ಗೆ ತೆರೆದ ಬಾಗಿಲು ರಾತ್ರಿ ಊಟವಾಗುವ ತನಕ ತೆರೆದೇ ಇರುತ್ತಿತ್ತು. ಹೊಸ್ತಿಲಲ್ಲಿ ನಿಂತವರಿಗೆ ಕುರ್ಚಿ ಎಳೆದುಕೊಡುವರು, ಚಹಾಕ್ಕೆ ನೀರಿಡುವರು. ಆದರೆ ‘ಒಳಗ ಬರ್ರಿ’ ಎಂಬ ಮಾತು ಮಾತ್ರ ಅವರ ಬಾಯಿಂದ ಹೊರಡುತ್ತಿರಲಿಲ್ಲ. ಹೊಸದಾಗಿ ಬಂದವರು ಈಕೆಗೆ ಭಾರೀ ಸೊಕ್ಕು ಎಂದುಕೊಳ್ಳುತ್ತಿದ್ದರು. ನಮ್ಮವ್ವ ಒಮ್ಮೆ ಮುಖಕ್ಕೇ ಕೇಳಿಬಿಟ್ಟಳು.

“ಬಾಗಲಾ ತೆರದೈತಲ್ರೀ ಅಕ್ಕಾರ, ಮತ್ತ ಬಾಯಿಲೆ ಯಾಕ ಕರೀಬೇಕು?” ಎಂದರು ತೆರೇಸಕ್ಕ.

ಅವರು ಮುದಗಲ್ಲಿನ ಹಳೆಯ ಕಥೋಲಿಕರ ಮನೆಯವರು. ಹಣೆಯಲ್ಲಿ ಕುಂಕುಮ, ತಾಳಿಯಲ್ಲಿ ಕರಿಮಣಿಗಳ ನಡುವೆ ಒಂದು ಸಣ್ಣ ಶಿಲುಬೆ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ರೊಟ್ಟಿ ಬಡಿಯುವಾಗ ‘ನಮೋ ಮರಿಯಾ’ ಜಪಿಸುತ್ತಿದ್ದರು. ಜಪ ಜೋರಾದರೆ ರೊಟ್ಟಿ ತೆಳ್ಳಗಾಗುತ್ತಿತ್ತು. ಗಂಡ ಬಸವಂತಪ್ಪ ಲಿಂಗಸುಗೂರು ಕಡೆಯ ಲಿಂಗಾಯತರು, ನಮ್ಮಪ್ಪನ ಕಚೇರಿಯವರು. ಎರಡೂ ಮನೆಯವರು ಕೆಲವು ವರ್ಷ ಸಿಟ್ಟು ಮಾಡಿ, ಆಮೇಲೆ ದಣಿದು ಸುಮ್ಮನಾಗಿದ್ದರು. ಬೆಳಗ್ಗೆ ಆತ ಲಿಂಗಪೂಜೆಗೆ ಕೂತರೆ ಈಕೆ ಹೂವು ತಂದಿಡುವರು. ಸಂಜೆ ಈಕೆ ಜಪಸರ ಹಿಡಿದರೆ ಆತ ಟಿವಿ ಸದ್ದು ಇಳಿಸುವರು. ಮಕ್ಕಳಿರಲಿಲ್ಲ. ಹೀಗಾಗಿ ನನ್ನನ್ನು ಇಬ್ಬರೂ ಸೇರಿ ಮುದ್ದು ಮಾಡಿ ಕೆಡಿಸಿದರು.

ಸತ್ತ ಮೇಲೆ ಎಲ್ಲಿ ಎಂಬುದೊಂದೇ ಅವರ ನಡುವೆ ತೀರದ ಮಾತು. ಎರಡೂ ಕಡೆ ಮಣ್ಣು ಮಾಡುವವರೇ. ಆದರೆ ಲಿಂಗಾಯತರು ಕೂರಿಸಿ ಹೂಳುತ್ತಾರೆ, ಅವರ ಭೂಮಿ ಊರಿನ ಒಂದು ತುದಿಗೆ. ಚರ್ಚಿನವರು ಮಲಗಿಸುತ್ತಾರೆ, ಅವರದು ಇನ್ನೊಂದು ತುದಿಗೆ, ಅಲ್ಲಿ ಅವರವರಿಗಷ್ಟೇ ಜಾಗ. ಬಸವಂತಪ್ಪ ಅದನ್ನೂ ನಗೆಯಾಗಿಸುತ್ತಿದ್ದರು. “ನಾ ಅಲ್ಲಿ ಕೂತಿರತೀನಿ, ನೀ ಇಲ್ಲಿ ಮಲಗಿರತಿ. ಬದುಕಿದ್ದಾಗೂ ಹೊತ್ತೇರೂತನಾ ಮಲಗಾಕಿ ನೀನ ಅಲ್ಲೇನು?” ತೆರೇಸಕ್ಕ ಕಣ್ಣಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಆ ಸೆರಗು ನಗುವಿಗೆ ಮಾತ್ರ ಬೇಕಾಗುತ್ತಿತ್ತೆಂದು ಆಗ ನಂಬಿದ್ದೆ.

ಭಾನುವಾರ ಆತ ಸ್ಕೂಟರಿನಲ್ಲಿ ಅವರನ್ನು ಚರ್ಚಿಗೆ ಬಿಡುತ್ತಿದ್ದರು. ಈಕೆ ಒಳಗೆ ಹೋದರೆ ಆತ ಹೊರಗೆ ಬೇವಿನ ಮರದಡಿಯ ಕಲ್ಲುಬೆಂಚಿನ ಮೇಲೆ ಪೇಪರು ಬಿಚ್ಚುವರು. ಮಳೆ ಬಂದರೆ ಪೋರ್ಟಿಕೋ ತನಕ, ಅದರಾಚೆ ಒಂದು ಹೆಜ್ಜೆಯೂ ಇಲ್ಲ.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಗೇಟಿನಲ್ಲಿ ಯಾವುದೋ ಹೊಸ ಪ್ರಾರ್ಥನಾ ಮಂಡಳಿಯವನೊಬ್ಬ ಚೀಟಿ ಹಂಚುತ್ತಿದ್ದ. ತೆರೇಸಕ್ಕ ನರ್ಸೆಂದು ತಿಳಿದು, ಆಸ್ಪತ್ರೆಯಿಂದ ಎಷ್ಟು ಮಂದಿಯನ್ನು ದೇವರ ಹತ್ತಿರ ಕರೆತಂದಿರಿ ಎಂದು ತೆಲುಗಿನಲ್ಲಿ ಕೇಳಿದ. “ನೇನು ನರ್ಸುನಿ ಬಾಬೂ, ಆಟೋ ನಡಪನು” ಎಂದರು ಇವರು. ನಾನು ನರ್ಸು ಕಣಪ್ಪಾ, ಆಟೋ ಓಡಿಸುವುದಿಲ್ಲ! ಅವನೂ ನಕ್ಕುಬಿಟ್ಟ.

ದಾರಿಯಲ್ಲಿ ನಾನು ಬಿಡಲಿಲ್ಲ. “ಅವರು ಅಷ್ಟು ಕರೀತಾರ, ನಿಮ್ಮವರು ಯಾಕ ಕರಿಯಂಗಿಲ್ಲ?”

“ನಮ್ಮ ಹಿರ್ಯಾರು ಕಿರಿಸ್ತಾನ್ರು ಯಾವಾಗ ಆದ್ರೋ, ಯಾಕ ಆದ್ರೋ, ನಮಗ ಗೊತ್ತಿಲ್ಲವ್ವಾ ಗೌರಿ. ನಮಗ ಇದು ಮೂಗು ಇದ್ದಂಗ. ನನ್ನ ಮೂಗು ಭಾಳ ಚಲೋ ಐತಿ, ನೀನೂ ಹಚ್ಚಿಕೋ ಅಂತ ಯಾರರೆ ಅಂತಾರೇನು?” ಎಂದರು. ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಮುಂದುವರಿಸಿದರು. “ಮತ್ತ ನಂದು ಆಸ್ಪತ್ರಿ ಕೆಲಸ. ಹಾಸಿಗಿ ಹಿಡದವರು ನೀರು ಕುಡಿಸಿದಾಕಿ ಏನಂದ್ರೂ ಹೂಂ ಅಂತಾರ. ಆ ಹೂಂ ಹಿಡಕೊಂಡು ದೇವರ ಮುಂದ ಹ್ಯಾಂಗ ನಿಲ್ಲಲಿ? ಫಾದರ್ ಪ್ರಸಂಗದಾಗ ಹೇಳತಾರ, ನಾಕು ಮಂದಿಗೆ ತಿಳಸ್ರಿ ಅಂತ. ನಾವು ಗೋಣು ಹಾಕತೀವಿ, ಹೊರಗ ಬಂದು ಇಡ್ಲಿ ತಿಂತೀವಿ. ಖರೆ ಹೇಳಲೇನು? ಸಂಕೋಚ. ಅದಕ್ಕ ಮರ್ಯಾದಿ ಅಂತ ಹೆಸರಿಟ್ಟೀವಿ.”

ಬಸವಂತಪ್ಪ ಸ್ಕೂಟರ್ ತಳ್ಳಿಕೊಂಡು ಹಿಂದೆ ಬರುತ್ತಿದ್ದರು. ಈ ಮಾತು ಅವರ ಕಿವಿಗೂ ಬಿದ್ದಿರಬೇಕು. ಮುಂದಿನ ವಾರ ಬೆಂಚಿನ ಮೇಲೆ ಅವರ ಪಕ್ಕ ಕೂತು, ನೀವ್ಯಾಕೆ ಒಳಗೆ ಹೋಗುವುದಿಲ್ಲ ಎಂದು ಕೇಳಿದೆ.

“ಆಕಿ ಕರದಿಲ್ಲ.”

“ಕರದ್ರ?”

ಪೇಪರು ಮಡಚಿದರು. “ಹೋಗತಿದ್ದೆ ನೋಡವ್ವಾ. ಪೂರಾ ಹೋಗತಿದ್ದೆ. ಮಣ್ಣಿನ ಚಿಂತಿನೂ ತೀರತಿತ್ತು. ಆದ್ರ ನಾನ ಹೋಗಿ ಕೇಳಿದ್ರ, ಆಕಿ ಮನಿಯವರ ಒತ್ತಾಯಕ್ಕ ಆದ ಅಂತ ನಮ್ಮಣ್ಣ ತಮ್ಮಂದಿರು ಆಕಿಗೆ ಅಂತಾರ. ಆಕಿ ಬಾಯಿಲೆ ಒಂದ್ ಮಾತು ಬಂದ್ರ, ನಾ ಯಾರಿಗೂ ಅಂಜಂಗಿಲ್ಲ.” ಇದನ್ನು ಆಕೆಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು.

ಆತ ಶ್ವಾಸಕೋಶದ ಕಾಯಿಲೆಯಿಂದ ಮಲಗಿದಾಗ ತೆರೇಸಕ್ಕ ನಿವೃತ್ತರಾಗಿದ್ದರು. ಆಸ್ಪತ್ರೆಯಲ್ಲಿ ಕಡೆಯ ಮಧ್ಯಾಹ್ನ ಚಮಚದಿಂದ ನೀರು ಹಾಕುತ್ತಿದ್ದವರು ಅವರೇ. ಮರುದಿನ ಲಿಂಗಸುಗೂರಿನಿಂದ ಅಣ್ಣತಮ್ಮಂದಿರು ಬಂದರು. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಪದ್ಮಾಸನದಲ್ಲಿ ಕೂರಿಸಿ ಮಣ್ಣು ಮಾಡಿದರು. ತೆರೇಸಕ್ಕ ದೂರ ನಿಂತು ನೋಡಿದರು. ಆ ದಿನ ಅವರ ಬಾಗಿಲು ಮುಚ್ಚಿದ್ದನ್ನು ನಾನು ಮೊದಲ ಸಲ ಕಂಡೆ.

ಕಡೆಯ ಭೇಟಿ ಹೋದ ಚಳಿಗಾಲದಲ್ಲಿ. ಅಮೀರ್‌ಪೇಟ್‌ನ ಕೋಚಿಂಗ್ ಕೇಂದ್ರದಲ್ಲಿ ಪಾಠ ಮುಗಿಸಿ ಮೆಟ್ರೋ ಹಿಡಿದು ಹೋಗಿದ್ದೆ. ಅವರು ಆಗ ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಒಂದು ಕೋಣೆಯಲ್ಲಿದ್ದರು. ಗುಂಡಿಗೆ ದುರ್ಬಲವಾಗಿತ್ತು, ಕಾಲು ಬಾತಿದ್ದವು. ಬಾಗಿಲು ತೆರೆದಿತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆನಿಸಿ, ಬೆಂಚಿನ ಮೇಲೆ ಬಸವಂತಪ್ಪ ಹೇಳಿದ್ದನ್ನೆಲ್ಲ ಹೇಳಿದೆ.

ತೆರೇಸಕ್ಕ ಬೆಚ್ಚಲಿಲ್ಲ. “ಗೊತ್ತಿತ್ತವ್ವಾ. ಕರದ್ರ ಬರತಿದ್ರು. ನನ್ನ ಸಲುವಾಗಿ ಬರತಿದ್ರು. ಅದಕ್ಕ ಕರೀಲಿಲ್ಲ. ದೇವರ ಸಲುವಾಗಿ ಬರಲಿ ಅಂತ ಕಾದೆ.”

ಜಪಸರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಆ ಕಡೆಯ ಮಧ್ಯಾಹ್ನದ ಮಾತು ಹೇಳಿದರು. ಸಾಯುವವರು ಒಪ್ಪಿದರೆ ಫಾದರ್ ಬೇಕಿಲ್ಲವಂತೆ. ಯಾರಾದರೂ ತಲೆಗೆ ನೀರು ಹಾಕಿ ಎರಡು ಮಾತು ಹೇಳಿದರೆ ಜ್ಞಾನಸ್ನಾನವಾಗಿ ಕ್ರೈಸ್ತರಾದಂತೆಯೇ. “ನೀರು ನನ್ನ ಕೈಯಾಗ ಇತ್ತು. ಅವರು ನನ್ನ ನೋಡಿ, ಏನರೆ ಕೇಳೂದೈತೇನು ತೆರೇಸಾ ಅಂದ್ರು. ನಾ ಅಂದೆ, ಏನಿಲ್ರೀ, ನೀರು ಕುಡೀರಿ. ಕುಡದ್ರು.”

ನನಗೆ ಅಳು ತಡೆಯಲಾಗಲಿಲ್ಲ. ಅವರೇ ನನ್ನ ಬೆನ್ನು ಸವರಿದರು.

“ಈಗ ಅನಸಾಕತ್ತೈತಿ ಗೌರಿ. ನನ್ನ ಸಲುವಾಗಿ ಬಂದಿದ್ರ ಏನಾಗತಿತ್ತು? ನಾ ಸಣ್ಣಾಕಿದ್ದಾಗ ಯಾರ ಸಲುವಾಗಿ ಚರ್ಚಿಗೆ ಹೋಗಿದ್ದೆ? ನಮ್ಮವ್ವ ಕೈ ಹಿಡಕೊಂಡು ಹೋದ್ಲು, ಹೋದೆ. ದೇವರು ಆಮ್ಯಾಲೆ ಸಿಕ್ಕ. ಇವರ ಕೈ ನಾ ಹಿಡೀಲೇ ಇಲ್ಲ.” ಕಿಟಕಿಯ ಕಡೆ ತಿರುಗಿದರು. “ಅವರು ಕೂತಾರಲ್ಲವ್ವಾ. ಮಲಗಿದವರು ಮಲಗಿರತಾರ ಬಿಡು. ಇವರು ಕೂತಾರ. ಇನ್ನೂ ಕರೀತಾಳೇನೋ ಅಂತ ಕೂತಾರ.”

ಮುಂದಿನ ತಿಂಗಳೇ ಅವರೂ ಹೋದರು. ಚರ್ಚಿನ ಬಾಗಿಲಲ್ಲಿ ನಾನು ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ನಿಂತಿದ್ದೆ. ಒಳಗಿನವರು ತಿರುಗಿ ನೋಡಿದರು, ಸರಿದು ಜಾಗ ಮಾಡಿದರು. ಯಾರೂ ಬರ್ರಿ ಎನ್ನಲಿಲ್ಲ. ಬಾಗಿಲು ತೆರೆದಿತ್ತು, ಹೋಗಿ ಕೂತೆ. ನನಗೆ ಅಷ್ಟು ಸಾಕಾಯಿತು. ಬಸವಂತಪ್ಪನವರಿಗೆ ಸಾಕಾಗಿರಲಿಲ್ಲ.

ಆಮೇಲೆ ಹಗ್ಗ ಹಿಡಿದು ಪೆಟ್ಟಿಗೆಯನ್ನು ಇಳಿಸಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ತೆರೇಸಕ್ಕ ಮಲಗಿದರು. ಊರಿನ ಆ ತುದಿಯಲ್ಲಿ ಬಸವಂತಪ್ಪನವರು ಕೂತೇ ಇದ್ದಾರೆ.