ಅತ್ತೆ ಅಂಟಿಸಿದ ಚೀಟಿ

ಯಾರ ಮನೆಗೆ ಹೋದರೂ ನಾನು ನಮ್ಮತ್ತೆಯ ಮಾತು ತೆಗೆಯದೆ ಬರುವುದಿಲ್ಲ. ಅರವತ್ತು ದಾಟಿದ ಮೇಲೆ ಕ್ಯೂಆರ್ ಕೋಡ್ ಮಾಡಲು ಕಲಿತವರು ಅವರು. ಅಂದಿನಿಂದ ಮನೆಯ ಡಬ್ಬಿ, ಕೊಡೆ, ಬೀಗದ ಕೈ, ಯಾವುದೂ ಆ ಕಪ್ಪುಬಿಳಿ ಚೌಕದ ಚೀಟಿಯಿಂದ ತಪ್ಪಿಸಿಕೊಂಡಿಲ್ಲ. "ಉಪ್ಪೋ ಸಕ್ಕರೆಯೋ ತಿಳಿಯೋಕೂ ಫೋನ್ ಚಾರ್ಜ್ ಮಾಡ್ಬೇಕೇನೆ?" ಎಂದು ಮಾವ ಕೆಣಕಿದರೆ, "ನಿಮ್ಮ ನಾಲಿಗೆಗೆ ಚಾರ್ಜ್ ಬೇಡವಲ್ಲ, ನೆಕ್ಕಿ ನೋಡಿ" ಎನ್ನುತ್ತಾರೆ. ಚೀಟಿಯ ಸುತ್ತ ಬಿಳಿ ಅಂಚು ಬಿಡದೆ ಕತ್ತರಿಸಿದವರಿಗಂತೂ ಉಳಿಗಾಲವಿಲ್ಲ; ಅಂಚಿಲ್ಲದಿದ್ದರೆ ಫೋನು ಕೋಡನ್ನು ಓದುವುದಿಲ್ಲವಂತೆ. ನನ್ನ ಮಗಳು ಒಂದೇ ಒಂದು ಕಡಲೆಕಾಯಿ ತಿಂದರೂ ಉಸಿರು ಕಟ್ಟುತ್ತದೆ. ಅವಳು ಮೂರನೇ ತರಗತಿಗೆ ಹೊಸ ಶಾಲೆ ಸೇರಿದಾಗ ಅತ್ತೆ ಅವಳ ಚೀಲಕ್ಕೂ ಒಂದು ಕೋಡ್ ಮಾಡಿದರು. "ನೆಟ್ ಇಲ್ದಿದ್ರೆ? ಚೀಟಿ ಹರಿದ್ರೆ?" ಎಂದು ನಾನು ಬಡಬಡಿಸಿದೆ. ಅವರು ಫೋನಿನ ನೆಟ್ ಆಫ್ ಮಾಡಿ, ಕೋಡಿನ ಮೂರು ಮೂಲೆಯ ದೊಡ್ಡ ಚೌಕಗಳನ್ನು ಬಿಟ್ಟು ನಾಲ್ಕನೆಯ ಮೂಲೆಯನ್ನು ಉಗುರಿನಿಂದ ಕೆರೆದು, ಸ್ಕ್ಯಾನ್ ಮಾಡಿದರು. ಔಷಧಿಯ ಹೆಸರು, ನನ್ನ ನಂಬರು, ಎಲ್ಲ ಬಂತು. "ಲಿಂಕ್ ಅಲ್ಲ ಕಣಮ್ಮ, ಮಾತನ್ನೇ ಒಳಗಿಟ್ಟಿದೀನಿ." ಆಮೇಲೆ ಪೆನ್ನು ತೆಗೆದು, ಕೋಡಿನ ಕೆಳಗೆ ದಪ್ಪ ದಪ್ಪ ಅಕ್ಷರದಲ್ಲಿ 'ನನಗೆ ಕಡಲೆಕಾಯಿ ಕೊಡಬೇಡ' ಎಂದು ಬರೆದರು. ಇಷ್ಟೆಲ್ಲ ಮಾಡಿ ಇದೇಕೆ ಎಂದು ಕೇಳಿದೆ. "ಊಟದ ಹೊತ್ತಲ್ಲಿ ಪಕ್ಕ ಕೂರೋ ಮಕ್ಕಳ ಹತ್ರ ಫೋನ್ ಎಲ್ಲಿರುತ್ತೆ?" ಎಂದರು.