ಜೋಳದ ಹೊಲದಲ್ಲಿ ಸತ್ತ ಜಿಂಕೆ

ಕುನ್ನತ್ತೂರಿನಲ್ಲಿ ನಮ್ಮ ಪಕ್ಕದ ಹೊಲದ ಅಜ್ಜಿಯ ಜೋಳವನ್ನು ಜಿಂಕೆಗಳು ಅರ್ಧ ಮೇದು ಮುಗಿಸಿದ್ದವು. "ನಿಮ್ಮಪ್ಪನ ಮನೆ ಜೋಳವಾ?" ಎಂದು ಬೈಯುತ್ತ ಅವರು ದಿನವೂ ತಗಡು ಬಡಿದು ಓಡಿಸುತ್ತಿದ್ದರು. ಒಂದು ಬೆಳಿಗ್ಗೆ, ನಾಯಿಗಳು ಕಚ್ಚಿದ ಜಿಂಕೆಯೊಂದು ಅವರ ಹೊಲದಲ್ಲೇ ಸತ್ತುಬಿದ್ದಿತ್ತು. ಅಜ್ಜಿಯ ಅಳಿಯ ಕತ್ತಿ ಹಿಡಿದು ಬಂದ.

"ನಾವೇನು ಬೇಟೆ ಆಡಿದ್ವಾ ಅತ್ತೆ? ಕೊಂದದ್ದು ನಾಯಿ. ಒಂದು ತೊಡೆ ತಗೊಂಡ್ರೆ ತಪ್ಪಾ?"

"ಒಂದು ತುಂಡೂ ತಗೋಬಾರ್ದು, ಅದೇ ರೂಲ್ಸು. ನಾಯೀನ ಜೈಲಿಗೆ ಹಾಕಲ್ಲ ಅಳಿಯಂದ್ರೇ, ನಿಮ್ಮನ್ನ ಹಾಕ್ತಾರೆ."

ನನ್ನಿಂದ ಅರಣ್ಯ ಇಲಾಖೆಗೆ ಫೋನ್ ಮಾಡಿಸಿ, ಜೀಪು ಬರುವವರೆಗೆ ಜಿಂಕೆಯ ಪಕ್ಕದಲ್ಲೇ ಕೂತು ಸೆರಗಿನಿಂದ ನೊಣ ಓಡಿಸಿದರು. ಬಂದ ಗಾರ್ಡ್, ಬೆಳೆ ನಷ್ಟಕ್ಕೂ ಈಗಲೇ ಅರ್ಜಿ ಬರೆದುಕೊಳ್ಳಲೇ ಎಂದು ಕೇಳಿದರು.

"ನಾಳೆ ಬರೀರಿ ಸಾಮಿ," ಎಂದರು ಅಜ್ಜಿ. "ಅದರ ಎದುರಿಗೇ ಹೆಂಗೆ ದೂರು ಹೇಳ್ಲಿ?"