ಗೋಡೆಯ ಬುಡದ ಗುಳ್ಳೆಗಳು

ರಿಶಲ್ಯೂ ನದಿ ದಡದ ಆ ಊರಿನ ಮಕ್ಕಳನ್ನೆಲ್ಲ ಶಾಲೆಗೆ ಮುಟ್ಟಿಸಿದ ಬಸ್ ಚಾಲಕ ರೊಸೇರ್. ನಿವೃತ್ತನಾದ ಮೇಲೆ ಹಿತ್ತಲಲ್ಲಿ ಈಜುಕೊಳ ಕಟ್ಟಿದ. ಗುಂಡಿ ತೋಡಲಷ್ಟೇ ಯಂತ್ರ ಬಂದಿತ್ತು. ಕೊಳವೆಗಳಿಗೆ ಅಂಟು ಹಚ್ಚಿ ಕೂಡಿಸಿದವನು ಅವನೇ. ಕೊಳದ ತಳದಿಂದ ಪಂಪಿಗೆ ಹೋಗುವ ಕೊಳವೆಯನ್ನು ಪಕ್ಕದ ಮನೆಯ ಒದೀಲಳ ಗೋಡೆಯ ಬುಡದಲ್ಲೇ ಹಾಯಿಸಿದ್ದ. ಅಲ್ಲಿ ಮಣ್ಣು ಮೆದುವಾಗಿತ್ತು.

ಈ ಬೇಸಿಗೆಯಲ್ಲಿ ಕೊಳದ ನೀರು ಇಳಿಯತೊಡಗಿತು. ಊರು ಏಳುವ ಮುಂಚೆಯೇ ಅವನು ಪೈಪು ಹಿಡಿದು ನೀರು ತುಂಬಿಸುತ್ತಿದ್ದ.

"ಬಿಸಿಲಿಗೆ ಆವಿಯಾಗುತ್ತೆ ಕಣೇ."

"ಹೌದಪ್ಪ, ಊರಿನ ಬಿಸಿಲೆಲ್ಲ ನಮ್ಮ ಹಿತ್ತಲಿಗೇ ತಾನೇ ಬೀಳೋದು," ಎಂದಳು ಹೆಂಡತಿ ಪಿಯೆರೆಟ್.

ಜುಲೈಯಲ್ಲಿ ಒಂದು ದಿನ ಪಂಪು ನಿಲ್ಲಿಸಿ, ಅಡುಗೆಗೆ ಹಾಕುವ ಕೆಂಪು ಬಣ್ಣವನ್ನು ತಳದ ಜಾಲರಿಯ ಬಳಿ ಬಿಟ್ಟು ನೋಡಿದ. ಬಣ್ಣ ಸರ್ರನೆ ಒಳಗೆ ಹೋಯಿತು. ಕೊಳವೆ ಒಡೆದಿತ್ತು. ಹೇಳಿದರೆ ಕೊಳ ಮುಚ್ಚಬೇಕು. ಮೊಮ್ಮಕ್ಕಳು ರಜೆಗೆ ಬಂದಿದ್ದರು. ಸುಮ್ಮನಾದ.

ಸೆಪ್ಟೆಂಬರಿನಲ್ಲಿ ಒದೀಲ್ ಎಂದಿನಂತೆ ಹಸಿರು ಟೊಮೆಟೊಕಾಯಿಯ ಕೆಚಪ್ ಮಾಡಿ ತಂದುಕೊಟ್ಟಳು.

"ಈ ಸಲ ಒಂದೇ ಶೀಶೆ, ರೊಸೇರ್. ನೆಲಮಾಳಿಗೆಯೆಲ್ಲ ತೇವ, ಆಲೂಗಡ್ಡೆಗೆ ಬೂಸ್ಟು. ಮುಂದಿನ ಮೇಪಲ್ ಮರದ ಬೇರು ಗೋಡೆ ಸೀಳಿದೆ ಅಂತಾನೆ ನಮ್ಮ ತಮ್ಮ. ನೆಲ ಹೆಪ್ಪುಗಟ್ಟೋ ಮುಂಚೆ ಕಡಿಸ್ಬೇಕು."

ಅದು ತೀರಿಹೋದ ಅವಳ ಗಂಡ ನೆಟ್ಟ ಮರ. ವಸಂತದಲ್ಲಿ ಅದರ ರಸ ಇಳಿಸಿ ಪಾಕ ಕಾಯಿಸಿದರೆ, ಮೊದಲ ಶೀಶೆ ಬರುತ್ತಿದ್ದುದು ಇವನ ಮನೆಗೆ.

"ಒಳ್ಳೇ ಮರ," ಎಂದ ರೊಸೇರ್.

"ಮನೆ ಬೀಳಿಸೋ ಒಳ್ಳೇದನ್ನ ಇಟ್ಕೊಂಡು ಏನ್ ಮಾಡ್ಲಿ?"

ಅವನು ಬಾಯಿ ತೆರೆದ. ಹೊರಬಂದದ್ದು, "ಕೆಚಪ್ ತಂದಿದ್ದು ಒಳ್ಳೇದಾಯ್ತು."

ಭಾನುವಾರ ಇಗರ್ಜಿಯಲ್ಲಿ ಶಾಂತಿ ಕೋರುವಾಗ ಒದೀಲ್ ತಿರುಗಿ ಅವನ ಕೈ ಕುಲುಕಿದಳು. ಪಾಪ ಮುಚ್ಚಿಟ್ಟುಕೊಂಡವರು ಮುಟ್ಟಬಾರದ ಪರಮಪ್ರಸಾದ ಸ್ವೀಕರಿಸಲು ಎಲ್ಲರೂ ಎದ್ದರು, ಅವನು ಏಳಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಪಿಯೆರೆಟ್‌ಗೆ ಪಿಸುಗುಟ್ಟಿದ.

ಅಕ್ಟೋಬರಿನಲ್ಲಿ, ಚಳಿಗಾಲಕ್ಕೆಂದು ಕೊಳ ಮುಚ್ಚುವ ದಿನ ಬಂತು. ಪಂಪಿನ ಕಡೆಯಿಂದ ತಳದ ಕೊಳವೆಗೆ ಯಂತ್ರದಲ್ಲಿ ಗಾಳಿ ಊದಿ, ಕೊಳದ ನೀರಿನಲ್ಲಿ ಗುಳ್ಳೆ ಎದ್ದ ಕೂಡಲೇ ಕೊಳವೆಯ ಬಾಯಿ ಮುಚ್ಚಬೇಕು. ಇಲ್ಲದಿದ್ದರೆ ಒಳಗಿನ ನೀರು ಹೆಪ್ಪುಗಟ್ಟಿ ಕೊಳವೆ ಸಿಡಿಯುತ್ತದೆ. ಅವನು ಊದಿದ. ಕೊಳ ಅಲುಗಲಿಲ್ಲ. ಬೇಲಿಯಾಚೆ, ಒದೀಲಳ ಗೋಡೆಯ ಬುಡದ ಕೆಸರಿನಲ್ಲಿ ಬುಳುಬುಳು ಗುಳ್ಳೆಗಳೆದ್ದವು.

ಅಷ್ಟರಲ್ಲಿ ಅವಳ ಮನೆಯ ಮುಂದೆ ಗರಗಸ ಗರ್ಜಿಸಿತು.

"ನಿಲ್ಸಿ! ಮರ ಅಲ್ಲ, ನನ್ನ ಕೊಳದ ನೀರು!" ಎಂದು ಕೂಗುತ್ತಾ ರೊಸೇರ್ ಅತ್ತ ಓಡಿದ.

ಒದೀಲಳ ತಮ್ಮ ಗರಗಸ ನಿಲ್ಲಿಸಿ ಮರದ ಗಾಯಕ್ಕೆ ಕೈಯಿಟ್ಟು ನೋಡಿದ. "ಅರ್ಧಕ್ಕಿಂತ ಹೆಚ್ಚು ಹೋಗಿದೆ. ಇನ್ನು ಇದನ್ನ ಹೀಗೇ ಬಿಟ್ರೆ ಯಾರ ತಲೆ ಮೇಲಾದ್ರೂ ಬೀಳುತ್ತೆ."

"ಯಾವಾಗಿಂದ ಗೊತ್ತಿತ್ತು?" ಎಂದಳು ಒದೀಲ್.

"ಜುಲೈಯಿಂದ."

"ಕೆಚಪ್ ತಿಂದ್ಯಾ?"

"ಮುಚ್ಚಳ ತೆಗೆಯೋಕೆ ಮನಸ್ಸಾಗ್ಲಿಲ್ಲ."

"ಅದನ್ನಾದ್ರೂ ತಿನ್ನಬಾರದಿತ್ತಾ, ಮಾರಾಯ," ಎಂದು ಅವಳು ಒಳಗೆ ಹೋದಳು. ಮರ ಬೀಳುವುದನ್ನು ನೋಡಲು ಹೊರಗೆ ಬರಲಿಲ್ಲ.

ಮಧ್ಯಾಹ್ನ ರೊಸೇರ್ ಕೊರೆಯುವ ನೀರಿಗಿಳಿದು, ಮುಳುಗಿ, ತಳದ ಬಾಯಿಗೆ ರಬ್ಬರ್ ಬಿರಡೆ ಬಿಗಿದ. ಆ ಕೊಳವೆಯನ್ನು ಇನ್ನು ತೆರೆಯುವುದಿಲ್ಲ. ಮರುದಿನ ಕೊಡಲಿ ಹಿಡಿದು ಅವಳ ಅಂಗಳಕ್ಕೆ ಹೋದ.

"ಹಸಿ ಸೌದೆ, ಈ ಚಳಿಗಾಲಕ್ಕೆ ಉರಿಯಲ್ಲ," ಎಂದಳು ಒದೀಲ್ ಬಾಗಿಲಿನಿಂದಲೇ.

"ಗೊತ್ತು. ಸೀಳಿ ಎಲ್ಲಿ ಪೇರಿಸ್ಲಿ?"

ಅವಳು ಬೇಲಿಯತ್ತ ಬೆರಳು ತೋರಿದಳು. "ನಿನ್ನ ಅಡುಗೆಮನೆ ಕಿಟಕಿಗೆ ಎದುರಾಗಿ."

ಅವನು ಅಲ್ಲೇ ಪೇರಿಸಿದ.